ಪಿತ್ತನಾಳವನ್ನು ತೊಳೆಯಬೇಡಿರಿ

ನನ್ನ ಆರೋಪವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ಪೆಥಾಲಜಿ ವಿಭಾಗವು, ಒಬ್ಬ ರೋಗಿಯ ಯಕೃತ್ತಿನೊಳಗಿನ ಪಿತ್ತನಾಳದ ಕ್ಯಾನ್ಸರ್ ಯಾವ ರೀತಿಯಲ್ಲಿ ಬೆಳೆದಿತ್ತು ಎಂಬುದನ್ನು ತಪ್ಪಾಗಿ ಬರೆಯಿತು. ಅದಕ್ಕೆ ಕಾರಣ ವಿಭಾಗವು ಹೆಮ್ಮೆಯಿಂದ ನಡೆಸಿಕೊಂಡು ಬಂದ ಒಂದು ಕೆಟ್ಟ ಪದ್ಧತಿ. ತಪ್ಪಿನ ಪುರಾವೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟ ಮೇಲೂ ವರದಿಯ ತಿದ್ದುಪಡಿ ಆಗಲಿಲ್ಲ. ಆಡಳಿತಕ್ಕೆ ದೂರು ಕೊಟ್ಟ ಮೇಲೂ ಆಗಲಿಲ್ಲ. ಆ ರೋಗಿ ಇಂದಿಗೂ ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ಬದುಕಿದ್ದಾರೆ. ತಿದ್ದಿದ ವರದಿ ಕೈಗೆ ಬರುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಕುಳಿತಿದ್ದಾರೆ. ಹಾಗೆ ಕುಳಿತಿರುವಷ್ಟು ಸಮಯ ಅವರಿಗೆ ಇದೆಯೋ ಇಲ್ಲವೋ ನನಗೆ ತಿಳಿಯದು.

ನಾನು ಆ ವಿಭಾಗದಲ್ಲಿ ವೈದ್ಯೆಯಾಗಿದ್ದು, ಈಗ ಕೆಲಸ ಬಿಟ್ಟವಳು. ವೃತ್ತಿಯ ನೆನಪುಗಳನ್ನು ಬರೆಯುವವರು ಸಾಮಾನ್ಯವಾಗಿ ಅರವತ್ತು ದಾಟಿದವರು. ಶಾಲು, ಹಾರ, ಗುಂಪುಚಿತ್ರಗಳೆಲ್ಲ ಮುಗಿದ ಮೇಲೆ ಬಿಡುವಾಗಿ ಬರೆಯಲು ಕೂಡುತ್ತಾರೆ. ನನಗೆ ಯಾರೂ ಶಾಲು ಹೊದಿಸಲಿಲ್ಲ. ರಾಜೀನಾಮೆಯನ್ನು ಆಫೀಸಿನಲ್ಲಿ ಕೊಟ್ಟು, ಅದರ ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಂಡು, ಶಿವಬಸವ ನಗರದ ನನ್ನ ಬಾಡಿಗೆ ಕೋಣೆಗೆ ನಡೆದು ಹೋದೆ. ಆದರೂ ಬರೆಯಬೇಕಾಗಿದೆ. ಈ ವರ್ಷ ಪೆಥಾಲಜಿಗೆ ಸೇರುವ ಹುಡುಗ ಹುಡುಗಿಯರಿಗೆ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಯಾರಾದರೂ ಹೇಳಬೇಕು. ರೋಗಿಯ ಮತ್ತು ಇತರರ ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಆಸ್ಪತ್ರೆಯ ಹೆಸರು ಹೇಳುತ್ತಿಲ್ಲ. ಓದಬೇಕಾದವರಿಗೆ ಅದು ತಿಳಿಯುತ್ತದೆ.

ಪೆಥಾಲಜಿಸ್ಟ್ ಎಂದರೆ ರೋಗಿಯ ಮುಖ ನೋಡದ ವೈದ್ಯ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗವು ಫಾರ್ಮಾಲಿನ್ ದ್ರವ ತುಂಬಿದ ಡಬ್ಬಿಯಲ್ಲಿ ನಮ್ಮ ಬಳಿ ಬರುತ್ತದೆ. ಅದನ್ನು ಬರಿಗಣ್ಣಿನಿಂದ ನೋಡಿ, ಅಳೆದು, ಕೊಯ್ದು, ಪರೀಕ್ಷೆಗೆ ಬೇಕಾದ ಚೂರುಗಳನ್ನು ಆರಿಸುವ ಕೋಣೆಗೆ ಗ್ರಾಸಿಂಗ್ ಕೋಣೆ ಎನ್ನುತ್ತೇವೆ. ಕಣ್ಣು ಉರಿಸುವ ವಾಸನೆ, ಸದಾ ಹರಿಯುವ ನಲ್ಲಿ, ಉಕ್ಕಿನ ಮೇಜು. ಹೊಸಬರು ಇದನ್ನು ಕಸಾಯಿಖಾನೆ ಎಂದು ತಮಾಷೆ ಮಾಡಿ, ಬೇಗ ಮುಗಿಸಿ, ಸೂಕ್ಷ್ಮದರ್ಶಕದ ಮುಂದೆ ಕೂಡಲು ಓಡುತ್ತಾರೆ. ಜಾಣತನವೆಲ್ಲ ಅಲ್ಲಿ ಇದೆ ಎಂದು ಭಾವಿಸುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಬರುವುದು ನೀವು ಆರಿಸಿದ ಚೂರು ಮಾತ್ರ. ಆರಿಸದೆ ಬಿಟ್ಟದ್ದನ್ನು ಜಗತ್ತಿನ ಯಾವ ಗಾಜೂ ತೋರಿಸುವುದಿಲ್ಲ.

ಅಂಗವು ನಮ್ಮ ಕೈ ಸೇರುವ ಮೊದಲೇ ಎಷ್ಟು ಕೆಡಬಹುದು ಎಂಬ ಮೊದಲ ಪಾಠವನ್ನು ನಾನು ಉಪ್ಪಿನಕಾಯಿಯ ಬಾಟಲಿಯಿಂದ ಕಲಿತೆ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ತೆಗೆದ ಗರ್ಭಕೋಶವನ್ನು, ಡಬ್ಬಿ ಸಿಗಲಿಲ್ಲವೆಂದು, ಮನೆಯಿಂದ ತರಿಸಿದ ಗಾಜಿನ ಬಾಟಲಿಯಲ್ಲಿ ತುರುಕಿ ಫಾರ್ಮಾಲಿನ್ ಹಾಕಿ ಕಳಿಸಿದ್ದರು. ತಂದವನು ರೋಗಿಯ ಮಗ. ಫಾರ್ಮಾಲಿನ್ ಮಾಂಸವನ್ನು ಗಟ್ಟಿ ಮಾಡುತ್ತದೆ. ನಮ್ಮ ಗ್ರಾಸಿಂಗ್ ಕೋಣೆಯ ಹಿರಿಯ ಸಹಾಯಕ ಮಾರುತಿ ಮಾಮಾ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

“ಒಳಗ ಹೋಗೂಮುಂದ ಮೆತ್ತಗಿತ್ತು, ಈಗ ಕಲ್ಲಾಗೇತಿ. ಹೊರಗ ಹೆಂಗ ಬರ್ತೈತ್ರಿ ಇದು? ಒಡೀಬೇಕಾಗ್ತೈತಿ.”

“ಒಡೀಬ್ಯಾಡ್ರಿ ಮಾಮಾ,” ಎಂದ ಹುಡುಗ, “ನಮ್ಮವ್ವನ ಬಾಟ್ಲಿ ಐತಿ. ಮಾವಿನಕಾಯಿ ಹಾಕಾಕ ಬೇಕಂತ.”

“ಇದರಾಗ ಉಪ್ಪಿನಕಾಯಿ ಹಾಕಿದ್ರ ಮನಿಮಂದಿ ಎಲ್ಲಾರೂ ನಮ್ಮ ಕಡೆನ ಬರ್ತೀರಿ, ತಮ್ಮಾ. ಆಮ್ಯಾಲ ನಿಮ್ಮನ್ನ ಯಾ ಬಾಟ್ಲ್ಯಾಗ ಹಾಕ್ಲಿ?”

ಬಾಟಲಿ ಒಡೆಯಿತು, ಗಾಜು ಅಂಗದೊಳಗೆ ಚುಚ್ಚಿತು, ಆ ಭಾಗವನ್ನು ಪರೀಕ್ಷಿಸಲು ಬರಲಿಲ್ಲ. ನಾನು ಹಟ ಹಿಡಿದು ಆಟೋ ನಗರದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಿಂದ ಅಗಲ ಬಾಯಿಯ ಬಕೆಟ್ಟುಗಳನ್ನು ತರಿಸಿ ಸುತ್ತಲಿನ ನರ್ಸಿಂಗ್ ಹೋಮುಗಳಿಗೆ ಹಂಚಿಸಿದೆ. ಆಗ ಮುಖ್ಯಸ್ಥರು ನನ್ನನ್ನು ಎಲ್ಲರೆದುರು ಹೊಗಳಿದರು. ಹೊರಗಿನವರ ತಪ್ಪನ್ನು ತಿದ್ದುತ್ತಿರುವವರೆಗೆ ನಾನು ಅವರಿಗೆ ಒಳ್ಳೆಯ ಶಿಷ್ಯೆಯಾಗಿದ್ದೆ.

ಮುಖ್ಯಸ್ಥರ ಬಗ್ಗೆ ನ್ಯಾಯವಾಗಿ ಹೇಳಬೇಕು. ಸ್ಲೈಡ್ ಓದುವುದನ್ನು ನನಗೆ ಕಲಿಸಿದವರು ಅವರೇ. ಒಂದು ಜೀವಕೋಶದ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳುವ ಅವರ ರೀತಿ ನನಗೆ ಇಂದಿಗೂ ಆದರ್ಶ. ಆದರೆ ಅವರಿಗೆ ಛಾಯಾಚಿತ್ರದ ಹುಚ್ಚು. ವಿಭಾಗದ ಪಡಸಾಲೆಯ ಉದ್ದಕ್ಕೂ ಅವರು ತೆಗೆದ ಅಂಗಗಳ ಚಿತ್ರಗಳನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಹಸಿರು ಬಟ್ಟೆಯ ಮೇಲೆ ಒಂದು ಹನಿ ರಕ್ತವೂ ಇಲ್ಲದ ಮೂತ್ರಪಿಂಡ, ಆಭರಣದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಂತೆ ಹೊಳೆಯುವ ಗುಲ್ಮ. ಸಮ್ಮೇಳನಗಳಲ್ಲಿ ಅವಕ್ಕೆ ಬಹುಮಾನ ಬಂದಿದ್ದವು. ಅದಕ್ಕಾಗಿ ವಿಭಾಗದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಬೆಳಿಗ್ಗೆ ವೈದ್ಯರು ಬರುವ ಮೊದಲೇ ಮಾರುತಿ ಮಾಮಾ ಪ್ರತಿಯೊಂದು ಅಂಗವನ್ನು ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗುವವರೆಗೆ ಬೆರಳಿನಿಂದ ಒತ್ತಿ ಒತ್ತಿ ತೊಳೆದು, ಒರೆಸಿ, ಹಸಿರು ಬಟ್ಟೆಯ ಮೇಲೆ ಸಾಲಾಗಿ ಇಡಬೇಕು.

“ನೀಟ್ ಇರಬೇಕ್ರಿ,” ಎನ್ನುತ್ತಿದ್ದರು ಮುಖ್ಯಸ್ಥರು. “ರಕ್ತ, ಲೋಳಿ ಮೆತ್ತಿದ್ದನ್ನ ಫೋಟೋ ತಗದು ಯಾರಿಗೆ ತೋರಸೂದೈತಿ?”

ಯಕೃತ್ತಿನೊಳಗೆ ತಯಾರಾಗುವ ಪಿತ್ತವನ್ನು ಹೊತ್ತು ತರುವ ಸಣ್ಣ ನಾಳಗಳು ಒಂದರೊಡನೊಂದು ಕೂಡುತ್ತ ದೊಡ್ಡದಾಗುತ್ತವೆ. ಆ ನಾಳಗಳ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಮುಖ್ಯವಾಗಿ ಮೂರು ರೀತಿಯಲ್ಲಿ ಬೆಳೆಯುತ್ತದೆ. ಕೆಲವು ಯಕೃತ್ತಿನ ಮಾಂಸದೊಳಗೆ ನುಗ್ಗಿ ಬಿಳಿಯ ಗಟ್ಟಿ ಗಡ್ಡೆಯಾಗುತ್ತವೆ. ನಮ್ಮಲ್ಲಿ ಹೆಚ್ಚಾಗಿ ಬರುತ್ತಿದ್ದುದು ಈ ಬಗೆ. ಕೆಲವು ಗಡ್ಡೆಯನ್ನೇ ಕಟ್ಟದೆ ನಾಳದ ಗೋಡೆಗುಂಟ ಹಬ್ಬುತ್ತ, ನಾಳವನ್ನು ತಂತಿಯಂತೆ ಬಿಗಿ ಮಾಡುತ್ತವೆ. ಕಣ್ಣಿಗೆ ಕಂಡುದಕ್ಕಿಂತ ದೂರಕ್ಕೆ ಸರಿದಿರುವುದೇ ಇವುಗಳ ಮೋಸ. ಪೂರ್ತಿ ತೆಗೆದೆನೆಂದು ಶಸ್ತ್ರವೈದ್ಯ ಅಂದುಕೊಂಡಿರುತ್ತಾನೆ, ಕೊಯ್ದ ಅಂಚಿನಲ್ಲೇ ರೋಗ ಉಳಿದಿರುತ್ತದೆ. ಮೂರನೆಯ ಬಗೆ ಅಪರೂಪದ್ದು. ಅದು ನಾಳದ ಒಳಗೇ, ಟೊಳ್ಳಿನೊಳಗೆ, ಮೆತ್ತನೆಯ ಪಾಚಿಯಂತೆ, ಸಣ್ಣ ಸಣ್ಣ ಬೆರಳುಗಳಂತೆ ಬೆಳೆಯುತ್ತದೆ. ಕೆಲವೊಮ್ಮೆ ಲೋಳೆ ಸುರಿಸುತ್ತದೆ. ಗೋಡೆಯನ್ನು ದಾಟಿ ಹೋಗಲು ತಡ ಮಾಡುತ್ತದೆ. ಪೂರ್ತಿಯಾಗಿ ತೆಗೆದರೆ ಈ ರೋಗಿಗಳ ಮುಂದಿನ ಗತಿ ಉಳಿದ ಎರಡು ಬಗೆಗಳವರಿಗಿಂತ ಸಾಮಾನ್ಯವಾಗಿ ಉತ್ತಮ. ಅದು ನಾಳದಲ್ಲೇ ಇನ್ನೊಂದು ಕಡೆ ಮರಳಿ ಬಂದರೂ, ಬೇಗ ಕಂಡುಹಿಡಿದರೆ ಎಷ್ಟೋ ಸಲ ಮತ್ತೆ ಏನಾದರೂ ಮಾಡಲು ದಾರಿ ಇರುತ್ತದೆ.

ಬೆಳೆದ ರೀತಿಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಸುತ್ತಲಿನ ದುಗ್ಧರಸ ಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡುಗಳಿಗೆ, ರೋಗ ಹೋಗಿದೆಯೇ, ಕೊಯ್ದ ಅಂಚು ಶುದ್ಧವಾಗಿದೆಯೇ, ಗೋಡೆಯನ್ನು ಎಷ್ಟು ಆಳ ಕೊರೆದಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡು ಬಗೆಗಳು ಬೆರೆತೂ ಇರಬಹುದು. ಬೆರೆತಿದ್ದರೆ ಬೆರೆತಿದೆ ಎಂದು ಬರೆಯಬೇಕು, ಅಷ್ಟೆ.

ಈಗ ಆ ನಲ್ಲಿಯ ಕೆಳಗೆ ಈ ಮೂರನ್ನೂ ಹಿಡಿದು ನೋಡಿರಿ. ಗಡ್ಡೆ ತೊಳೆದರೂ ಗಡ್ಡೆಯಾಗಿಯೇ ಉಳಿಯುತ್ತದೆ. ದಪ್ಪಗಾದ ಗೋಡೆಯೂ ಎಲ್ಲಿಗೂ ಹೋಗುವುದಿಲ್ಲ. ನಾಳದೊಳಗಿನ ಪಾಚಿ ಮಾತ್ರ ಲೋಳೆಯೊಡನೆ ಜಾರಿ ಮೋರಿ ಸೇರುತ್ತದೆ. ಉಳಿಯುವುದು ಖಾಲಿ ನಾಳ ಮತ್ತು ಅದರ ದಪ್ಪಗಾದ ಗೋಡೆ. ಬ್ರೆಡ್ಡಿನಂತೆ ಅಡ್ಡ ಹೋಳು ಮಾಡಿದರೆ, ಇದು ಗೋಡೆಗುಂಟ ಹಬ್ಬಿದ ಬಗೆ ಎಂದೇ ಕಾಣುತ್ತದೆ. ಅತ್ಯಂತ ಆಶಾದಾಯಕವಾದದ್ದು ಅತ್ಯಂತ ನಿರಾಶಾದಾಯಕವಾದದ್ದರ ವೇಷದಲ್ಲಿ ವರದಿಯೊಳಗೆ ಬಂದು ಕೂಡುತ್ತದೆ.

ನಾನು ಸೇರಿದ ಹೊಸದರಲ್ಲೇ ಈ ಸಂಶಯವನ್ನು ಮುಖ್ಯಸ್ಥರ ಮುಂದೆ ಎತ್ತಿದ್ದೆ. ಅವರು ನಕ್ಕು ಕೇಳಿದರು: “ಇಷ್ಟ ವರ್ಷದಾಗ ತೊಳದು ಏನ್ ಕೆಟ್ಟೈತಿ, ತೋರಸ್ರಿ.”

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಕೆಟ್ಟದ್ದರ ಗುರುತನ್ನೇ ಅಳಿಸಿಹಾಕುವ ಪದ್ಧತಿಯ ವಿರುದ್ಧ ಗುರುತು ತೋರಿಸುವುದು ಹೇಗೆ? ಕಿರಿಯರೇ, ಈ ಪ್ರಶ್ನೆ ನಿಮಗೂ ಬರುತ್ತದೆ. ‘ಇದುವರೆಗೆ ಏನೂ ಆಗಿಲ್ಲ’ ಎಂಬ ಮಾತನ್ನು ಹಿರಿಯರೊಬ್ಬರು ಆಡಿದಾಗ, ಆಗಿದ್ದರೆ ನಮಗೆ ಗೊತ್ತಾಗುತ್ತಿತ್ತೇ ಎಂದು ಮೊದಲು ಕೇಳಿಕೊಳ್ಳಿರಿ.

ಆಮೇಲೆ ಕಂಪ್ಯೂಟರ್ ಬಂದಿತು. ಹಿಂದೆ ಕೈಯಿಂದ ವಿವರಣೆ ಬರೆಯುವಾಗ ತಿಳಿಯದ್ದನ್ನು ಬಿಟ್ಟುಬಿಡುತ್ತಿದ್ದರು. ಅದೂ ತಪ್ಪೇ, ಆದರೆ ಮೌನದ ತಪ್ಪು. ಹೊಸ ನಮೂನೆಯಲ್ಲಿ ‘ಬೆಳವಣಿಗೆಯ ರೀತಿ’ ಎಂಬ ಜಾಗವಿತ್ತು. ಅದನ್ನು ತುಂಬದಿದ್ದರೆ ವರದಿ ಮುಂದಕ್ಕೆ ಸರಿಯುತ್ತಿರಲಿಲ್ಲ. ಉದ್ದೇಶ ಒಳ್ಳೆಯದೇ. ನಮ್ಮಲ್ಲಿ ಆದದ್ದೇನೆಂದರೆ, ಮೇಜಿನ ಮೇಲೆ ತೊಳೆದು ಉಳಿದದ್ದನ್ನು ನೋಡಿ ಒಂದನ್ನು ಒತ್ತಿಬಿಡುವ ರೂಢಿ. ಊಹೆಗೆ ಅಚ್ಚಿನ ಅಕ್ಷರದ ಗಾಂಭೀರ್ಯ ಬಂದಿತು.

ಬೀರಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಲೋಂಡಾದಿಂದ ಗೋವಾ ಕಡೆಗೆ ಇಳಿಯುವ ಕಾಡಿನ ಹಳಿಗಳನ್ನು ನಡೆದು ನೋಡಿ, ಸಡಿಲಾದದ್ದನ್ನು ಬಿಗಿ ಮಾಡುವ ಕೆಲಸ. ಅವರ ಅಜ್ಜನವರೆಗೆ ಎಲ್ಲರೂ ಕುರಿ ಕಾದವರು. ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲಿಗರು ಇವರು. ಮೈ ತುರಿಕೆ ಶುರುವಾಗಿ, ಕಣ್ಣು ಹಳದಿಯಾಗಿ, ಊರಲ್ಲಿ ಕಾಮಣಿಯ ಔಷಧ ಕುಡಿದು, ಇಳಿಯದೆ ಬೆಳಗಾವಿಗೆ ಬಂದರು. ಶಸ್ತ್ರವೈದ್ಯ ಡಾ. ಉಪಾಧ್ಯೆ ಯಕೃತ್ತಿನ ಎಡಭಾಗವನ್ನು ತೆಗೆದರು. ತೆಗೆದ ದಿನ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: “ಮೇಡಂ, ಸ್ಕ್ಯಾನ್‌ನ್ಯಾಗ ನಾಳ ಉಬ್ಬೇತಿ, ಒಳಗ ಏನೋ ಕುಂತಂಗ ಕಾಣ್ತೈತಿ. ಸ್ವಲ್ಪ ನಾಳದ ಕಡೆ ಲಕ್ಷ್ಯ ಇಟ್ಟ ಕೊಯ್ರಿ.” ಅರ್ಜಿಯ ಮೇಲೂ ಹಾಗೆಯೇ ಬರೆದಿದ್ದರು.

ಮರುದಿನ ಬೆಳಿಗ್ಗೆ ವಿದ್ಯಾರ್ಥಿಗಳ ಪರೀಕ್ಷೆ ನಡೆಸುವ ಕೆಲಸವನ್ನು ನನಗೆ ಹಚ್ಚಿದ್ದರು. ಯಕೃತ್ತನ್ನು ನಾನು ಬರುವವರೆಗೆ ಮುಟ್ಟಬೇಡಿರಿ ಎಂದು ಚೀಟಿ ಅಂಟಿಸಿ ಹೋಗಿದ್ದೆ. ಪರೀಕ್ಷೆ ಮುಗಿಸಿ ಗ್ರಾಸಿಂಗ್ ಕೋಣೆಗೆ ಬಂದಾಗ ಹಸಿರು ಬಟ್ಟೆಯ ಮೇಲೆ ಯಕೃತ್ತಿನ ಹೋಳುಗಳು ಅಚ್ಚುಕಟ್ಟಾಗಿ ಸಾಲಾಗಿದ್ದವು. ಮುಖ್ಯಸ್ಥರು ತಾವೇ ಹೋಳು ಮಾಡಿ, ಚೂರುಗಳನ್ನು ಆರಿಸಿ, ಚಿತ್ರ ತೆಗೆದು ಮುಗಿಸಿದ್ದರು. ಮಾರುತಿ ಮಾಮಾ ಮೇಜು ಒರೆಸುತ್ತಿದ್ದರು.

“ದೊಡ್ಡ ಸರ್ ಇವತ್ತ ಬೇಕಂದ್ರು, ಮೇಡಮ್ಮೋರ. ಇದನ್ನ ತೊಳ್ಯಾಕ ಸಾಕಾಗಿಹೋತು ನೋಡ್ರಿ. ಎಷ್ಟ ತೊಳದ್ರೂ ಲೋಳಿ ಬರಾಕತ್ತಿತ್ತು. ಪಾಚಿ ಗತೆ ಮೆತ್ತಗ ಮೆತ್ತಗ. ಸ್ವಚ್ಛ ಆಗೂತನಕ ಬಿಡ್ಲಿಲ್ಲ ನಾ.”

“ಆ ಪಾಚಿ ಎಲ್ಲಿ, ಮಾಮಾ?”

ಅವರು ಮೋರಿಯ ಕಡೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಹೇಳಿದ್ದನ್ನು ಹೇಳಿದಂತೆ ಮಾಡಿದ ಮನುಷ್ಯ ಅವರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಇಂದಿಗೂ ಇಲ್ಲ.

ಪರೀಕ್ಷೆಗೆ ಆರಿಸಿ ಉಳಿದ ಭಾಗವನ್ನು ಕೆಲವು ವಾರ ಬಕೆಟ್ಟಿನಲ್ಲಿ ಕಾದಿಡುತ್ತೇವೆ. ಅದರ ಮೂಲೆಯ ಒಂದು ತುಂಡಿಗೆ ಚಾಕು ತಾಗಿರಲಿಲ್ಲ. ಅದನ್ನು ನೋಡುವವರೆಗೆ ವರದಿ ತಡೆಯಿರಿ ಎಂದು ಮುಖ್ಯಸ್ಥರನ್ನು ಕೇಳಿಕೊಂಡೆ. ಅವರು ತಡೆಯಲಿಲ್ಲ. ಬಂದ ಸ್ಲೈಡುಗಳಲ್ಲಿ ಒಂದು ಕಡೆ ನಾಳದ ಗೋಡೆಯೊಳಗೆ ಕ್ಯಾನ್ಸರ್ ಇತ್ತು. ಅಷ್ಟನ್ನು ಹಿಡಿದು ‘ಗೋಡೆಗುಂಟ ಹಬ್ಬಿದ ಬಗೆ’ ಎಂದು ಒತ್ತಿ ಸಹಿ ಹಾಕಿ ಕಳಿಸಿದರು.

ನಾನು ಆ ಮೂಲೆಯ ತುಂಡನ್ನು ತೆಗೆದುಕೊಂಡು, ನಾಳದ ಬಾಯಿಯಲ್ಲಿ ತೆಳುವಾದ ಸಲಾಕೆಯನ್ನು ನಿಧಾನವಾಗಿ ತೂರಿಸಿ, ಅದರ ಗುಂಟ ಸಣ್ಣ ಕತ್ತರಿಯಿಂದ ಉದ್ದಕ್ಕೆ ಸೀಳಿದೆ. ನಾಳ ತೆರೆದುಕೊಂಡಿತು. ಒಳಗೆ, ಗೋಡೆಗೆ ಅಂಟಿಕೊಂಡು, ನೀರು ತಲುಪದ ಆ ಒಂದು ಮೂಲೆಯಲ್ಲಿ, ಮಾರುತಿ ಮಾಮಾ ಹೇಳಿದ ಪಾಚಿ ಇತ್ತು. ಸ್ಲೈಡಿನಲ್ಲಿ ನೋಡಿದಾಗ ಸಂಶಯ ಉಳಿಯಲಿಲ್ಲ. ಬೀರಪ್ಪನವರ ರೋಗದ ಬಹುಪಾಲು ನಾಳದೊಳಗೆ ಬೆಳೆದದ್ದು; ಗೋಡೆಯನ್ನು ಹೊಕ್ಕಿದ್ದು ಒಂದೇ ಕಡೆ, ಅದೂ ಆಳವಾಗಿ ಅಲ್ಲ. ಅಂಚು ಶುದ್ಧವಿತ್ತು. ಗ್ರಂಥಿಗಳಲ್ಲಿ ಏನೂ ಇರಲಿಲ್ಲ.

ಸ್ಲೈಡನ್ನು ಮುಖ್ಯಸ್ಥರ ಸೂಕ್ಷ್ಮದರ್ಶಕದಲ್ಲಿಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಸ್ಲೈಡ್ ಛಲೋ ಮಾಡೀರಿ,” ಎಂದರು.

“ವರದಿ, ಸರ್?”

“ವರದಿ ಹೋಗೇತಿ. ಗೋಡ್ಯಾಗ ಕ್ಯಾನ್ಸರ್ ಐತೋ ಇಲ್ಲೋ? ಐತಿ. ಹಂಗಾರ ನಾ ಬರದದ್ದು ಸುಳ್ಳಲ್ಲ.”

“ಒಂದ ಕಡೆ, ಸ್ವಲ್ಪ ಐತಿ, ಸರ್. ಮಿಶ್ರ ಅಂತಾದ್ರೂ ಬರೀರಿ. ನಾಳದೊಳಗಿಂದು ಹೆಚ್ಚು ಅಂತ ಬರೀರಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ರೀ ಡಾಕ್ಟರ್, ತಿದ್ದಿ ಕಳಸಿದ್ರ ಯಾಕ ತಿದ್ದಿದ್ರಿ ಅಂತಾರ. ತೊಳದ್ವಿ ಅನಬೇಕಾಗ್ತೈತಿ. ತೊಳದ್ವಿ ಅಂದ್ರ, ಹಿಂದಿನ ಲಿವರ್‌ಗೋಳ ಗತಿ ಏನ್ರಿ ಅಂತ ಕೇಳ್ತಾರ. ಎಲ್ಲಾ ಹೊರಗ ತಗೀತೀರೇನು?”

“ತಗೀಬೇಕಾಗ್ತೈತಿ, ಸರ್.”

“ನಿಮಗ ವಯಸ್ಸೈತಿ, ತಗೀರಿ. ನನಗ ರಿಟೈರ್ ಆಗೂದೈತಿ.”

ಅಷ್ಟು ಹೇಳಿ ಅವರು ನನಗೆ ಚಹಾ ತರಿಸಿದರು. ಕೆಟ್ಟ ಮನುಷ್ಯ ಹೀಗೆ ಮಾಡುವುದಿಲ್ಲ. ಸಂಸ್ಥೆಗಳಲ್ಲಿ ಅನ್ಯಾಯವು ಬಹುತೇಕ ಇಂಥ ಸೌಜನ್ಯದ ಮೂಲಕವೇ ನಡೆಯುತ್ತದೆ ಎಂಬುದನ್ನು ನಾನು ಆ ಚಹಾ ಕುಡಿಯದೆ ಎದ್ದ ದಿನ ಅರ್ಥ ಮಾಡಿಕೊಂಡೆ.

ಡಾ. ಉಪಾಧ್ಯೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ನಂಬಿದರು. ಆದರೆ ಅಷ್ಟರಲ್ಲಿ ವಾರ್ಡಿನ ಒಬ್ಬ ಕಿರಿಯ ವೈದ್ಯ ವರದಿಯ ಆ ಒಂದು ಸಾಲನ್ನು ಓದಿ, ಬೀರಪ್ಪನವರ ಹೆಂಡತಿ ಲಕ್ಕವ್ವನಿಗೆ, ಬರುವ ಮಳೆಗಾಲ ಕಾಣುವುದು ಕಷ್ಟ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿರಿ ಎಂದು ಹೇಳಿ ಕಳಿಸಿಬಿಟ್ಟಿದ್ದ. ಅವರು ಲೋಂಡಾಕ್ಕೆ ಹೋಗಿಬಿಟ್ಟರು. ಮುಂದಿನ ತಪಾಸಣೆಗೆ ಬರಲಿಲ್ಲ. ಉಪಾಧ್ಯೆಯವರು ಫೋನ್ ಮಾಡಿಸಿದರೂ ಬರಲಿಲ್ಲ. ಮಳೆಗಾಲ ಬಂದು ಹೋಯಿತು. ನಾನು ಬೆಳಗಾವಿಯಿಂದ ರೈಲು ಹತ್ತಿ, ಖಾನಾಪುರ ದಾಟಿ, ಲೋಂಡಾದಲ್ಲಿ ಇಳಿದೆ. ರೋಗಿಯ ಮುಖ ನೋಡದ ವೈದ್ಯೆ ಮೊದಲ ಸಲ ರೋಗಿಯೊಬ್ಬರ ಮನೆಯ ಬಾಗಿಲಲ್ಲಿ ನಿಂತಿದ್ದೆ. ಬೆಳಗಾವಿಯ ಆಸ್ಪತ್ರೆಯ ಡಾಕ್ಟರು ಎಂದು ಹೇಳಿಕೊಂಡೆ.

“ಬರ್ರಿ ಡಾಕ್ಟರಬಾಯಾರ, ಕುಂದರ್ರಿ,” ಎಂದರು ಲಕ್ಕವ್ವ. “ನೀವೂ ನೋಡ್ಕೊಂಡ ಹೋಗಾಕ ಬಂದ್ರೇನು? ನೋಡಾಕ ಬಂದವರಿಗೆ ಚಹಾ ಮಾಡಿ ಮಾಡಿ ನಮ್ಮ ಎಮ್ಮಿ ಬತ್ತಿಹೋತು. ಈ ಮನಷಾ ಇನ್ನೂ ಗಟ್ಟಿ ಅದಾನ.”

ಬೀರಪ್ಪ ಜಗಲಿಯ ಮೇಲೆ ಕುಳಿತಿದ್ದರು. ಸೊರಗಿದ್ದರು, ಆದರೆ ಬೆನ್ನು ನೆಟ್ಟಗಿತ್ತು. ಸಾಯುವವನೆಂದು ತಿಳಿದು ಅವರು ಕೆಲಸ ಬಿಟ್ಟಿದ್ದರು; ತಮ್ಮ ವಸ್ತುಗಳನ್ನೆಲ್ಲ ಹಂಚಿಬಿಟ್ಟಿದ್ದರು.

“ಸೈಕಲ್ ನಮ್ಮ ಅಳಿಯಗ ಕೊಟ್ಟಬಿಟ್ಟೆ, ಬಾಯಾರ. ಈಗ ವಾಪಸ್ ಕೇಳಾಕ ನಾಚಿಕಿ ಬರ್ತೈತಿ. ದಾರ್‍ಯಾಗ ಸಿಕ್ಕಾಗೆಲ್ಲಾ ಮಾರಿ ತಿರಿವಿಕೊಂಡ ಹೋಗ್ತಾನ ಮಗಾ, ಎಲ್ಲಿ ಕೇಳ್ತೀನೋ ಅಂತ.”

ಆಗ ಅವರ ಮುಂಗೈ ನೋಡಿದೆ. ಉಗುರಿನಿಂದ ಕೆರೆದ ಹೊಸ ಗೆರೆಗಳಿದ್ದವು. ಕಣ್ಣಿನ ಬಿಳಿಯಲ್ಲಿ ತೆಳುವಾದ ಹಳದಿ ಇತ್ತು.

“ಮತ್ತ ತುರಸ್ತೈತೇನು?”

“ಹೂಂ, ಈ ಅಮಾಸಿಯಿಂದ. ಬಂತಲ್ಲಾ ಕಡೀಗೆ ಅಂತ ಕುಂತೀನಿ.”

ನಾನು ಎಲ್ಲವನ್ನೂ ವಿವರಿಸಿದೆ. ಅವರ ರೋಗ ಯಾವ ಬಗೆಯದೆಂದು, ಅದನ್ನು ಹೇಗೆ ತೊಳೆದುಬಿಟ್ಟರೆಂದು, ಉಳಿದ ಮೂಲೆಯಲ್ಲಿ ನನಗೆ ಏನು ಕಂಡಿತೆಂದು ಹೇಳಿದೆ. ಈ ಹಳದಿಯು ನಾಳ ಕಿರಿದಾದದ್ದರಿಂದ ಇರಬಹುದು, ಹರಳಿನಿಂದ ಇರಬಹುದು, ರೋಗವೇ ಮರಳಿರಲೂಬಹುದು. ಒಳಗೆ ನೋಡದೆ ಹೇಳಲಾಗದು. ಯಾವುದೇ ಇರಲಿ, ಕಟ್ಟಿಕೊಂಡ ನಾಳದಲ್ಲಿ ಕೀವಾದರೆ ಪ್ರಾಣಕ್ಕೆ ಅಪಾಯ. ಉಪಾಧ್ಯೆ ಡಾಕ್ಟರು ನೋಡಲು ಸಿದ್ಧರಿದ್ದಾರೆ, ನಾಳೆಯೇ ಬನ್ನಿರಿ ಎಂದೆ. ಗುಣವಾಗುತ್ತದೆ ಎಂದು ಹೇಳಲಿಲ್ಲ. ಹಾಗೆ ಹೇಳುವ ಹಕ್ಕು ನನಗಿರಲಿಲ್ಲ.

ಲಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಬೀರಪ್ಪ ಮಾತ್ರ ಮೆಲ್ಲಗೆ ಕೇಳಿದರು: “ಇದೆಲ್ಲಾ ಬರಕೊಂಡ ಬಂದೀರೇನು?”

“ಇಲ್ಲ. ಅವರು ಬರೆದು ಕೊಡವೊಲ್ಲರು. ಅದಕ್ಕ ನಾನ ಬಂದೆ.”

“ಬಾಯಾರ, ನೀವು ಖರೇ ಹೇಳಾಕತ್ತೀರಿ ಅನಸ್ತೈತಿ. ಆದ್ರ ನಮ್ಮ ಲೈನಿನ ಕಾಯದೆ ಕೇಳ್ರಿ. ಹಳಿ ಬಿಚ್ಚಿದಾಗ ಗಾಡಿ ಬರಬಾರ್ದಂತ ಕೆಂಪು ಬಾವುಟಾ ಅಡ್ಡ ಕಟ್ತೀವಿ. ಹಳಿ ಸರಿ ಆತಂತ ಬಾಜೂಕ ಹೋಗೂ ಮನಷಾ ಬಂದು ಅದನ್ನ ಬಿಚ್ಚಂಗಿಲ್ಲ. ಎಷ್ಟ ಶಾಣ್ಯಾ ಇರವಲ್ನ್ಯಾಕ. ಕಟ್ಟಿದ ಗ್ಯಾಂಗಿನವರ ಬಂದು ನೋಡಿ, ಬಿಚ್ಚಿ, ಸಹಿ ಹಾಕಬೇಕು. ನಿಮ್ಮ ಆಸ್ಪತ್ರಿಯವರು ನನ್ನ ಸಾವು ಕಾಗದದಾಗ ಬರದ ಕೊಟ್ಟಾರ. ಬದುಕು ಬಾಯಿಲೇ ಹೇಳಿ ಕಳಸ್ತಾರೇನು? ನಾಳೆ ಇನ್ನೊಬ್ಬ ಸಣ್ಣ ಡಾಕ್ಟರ್ ಅದ ಕಾಗದಾ ಓದಿ ಮತ್ತ ಹೊರಗ ಹಾಕ್ತಾನ. ಕಟ್ಟಿದವರ ಬಿಚ್ಚಲಿ. ಅಲ್ಲೀತನಕ ನಾ ಬರಂಗಿಲ್ಲ.”

“ಇಂವಂದು ಹಿಂಗ ನೋಡ್ರಿ,” ಎಂದು ಲಕ್ಕವ್ವ ಒಮ್ಮೆಲೆ ಕೂಗಿದರು. “ರೈಲ್ವೇ ಕಾಯದೆ ಮನ್ಯಾಗೂ ನಡಸ್ತಾನ! ಏ, ಕಾಗದಾ ಬರೂದ್ರಾಗ ನೀ ಹೋದ್ರ ಯಾರ ಕೈಯಾಗ ಕೊಡಲೇನು ಅದನ್ನ?”

“ಚೌಕಟ್ಟ ಹಾಕಸು,” ಎಂದರು ಬೀರಪ್ಪ.

ಅವರನ್ನು ಹಟಮಾರಿ ಎಂದು ಬೈಯುವುದು ಸುಲಭ. ದಾರಿಯುದ್ದಕ್ಕೂ ನಾನೂ ಬೈದೆ. ಆದರೆ ಆಲೋಚಿಸಿ ನೋಡಿದರೆ ಅವರು ಕೇಳಿದ್ದು, ಯಾವ ವೃತ್ತಿಯಲ್ಲಾದರೂ ಮಾಡಿಯೇ ತೀರಬೇಕಾದ ಕೆಲಸವನ್ನು. ನಮ್ಮ ವರದಿಯ ಒಂದು ಸಾಲು ಒಬ್ಬ ಮನುಷ್ಯನನ್ನು ಕೆಲಸ ಬಿಡಿಸಿತು, ಚಿಕಿತ್ಸೆ ಬಿಡಿಸಿತು, ಬದುಕಿದ್ದೂ ನಾಚಿಕೊಳ್ಳುವಂತೆ ಮಾಡಿತು. ಆ ಸಾಲನ್ನು ಬರೆದವರೇ ಹಿಂತೆಗೆದುಕೊಳ್ಳಬೇಕೆಂದು ಕೇಳಲು ಅವರಿಗೆ ಪೂರ್ಣ ಹಕ್ಕಿದೆ.

ಹಿಂತಿರುಗಿ ಬಂದು ಸ್ಲೈಡು, ಚಿತ್ರ, ವಿವರಣೆಗಳೊಡನೆ ಆಡಳಿತಕ್ಕೆ ದೂರು ಕೊಟ್ಟೆ. ‘ಪರಿಶೀಲನೆಯಲ್ಲಿದೆ’ ಎಂದರು. ಮತ್ತೆ ಕೇಳಿದೆ; ಹಿರಿಯರ ಮಾನಕ್ಕೆ ಧಕ್ಕೆ ತರುವ ವರ್ತನೆ ಎಂದು ನನಗೇ ಎಚ್ಚರಿಕೆ ಬಂದಿತು. ಆ ಯಕೃತ್ತಿನ ಹೋಳುಗಳ ಚಿತ್ರ ಅಷ್ಟರಲ್ಲಿ ಚೌಕಟ್ಟಿನಲ್ಲಿ ಕುಳಿತು ಪಡಸಾಲೆಯ ಗೋಡೆಗೆ ಬಂದಿತ್ತು. ಬಹಳ ಸ್ವಚ್ಛವಾದ ಚಿತ್ರ. ಅದರ ಮುಂದೆ ದಿನವೂ ಹಾದುಹೋಗಲು ನನ್ನಿಂದ ಆಗಲಿಲ್ಲ.

ಹೊಸದಾಗಿ ಬರುವವರೇ, ಯಕೃತ್ತು ನಿಮ್ಮ ಮೇಜಿಗೆ ಬಂದಾಗ ಅದನ್ನು ನಲ್ಲಿಯಿಂದ ಕಾಪಾಡಿರಿ. ಡಬ್ಬಿಯ ದ್ರವವನ್ನು ಚೆಲ್ಲುವ ಮೊದಲು ಬಟ್ಟೆಯಲ್ಲಿ ಸೋಸಿರಿ. ಅದರಲ್ಲಿ ಉಳಿದ ಲೋಳೆಯನ್ನೂ ಪರೀಕ್ಷೆಗೆ ಹಾಕಿರಿ. ಸ್ಕ್ಯಾನಿನಲ್ಲಿ ನಾಳ ಉಬ್ಬಿದ್ದರೆ ಅದನ್ನು ಉದ್ದಕ್ಕೆ ಸೀಳಿ ನೋಡಿ, ಆಮೇಲೆ ಹೋಳು ಮಾಡಿರಿ. ಅಂಗ ಕೆಟ್ಟು ಬಂದಿದ್ದರೆ, ತೊಳೆದು ಬಂದಿದ್ದರೆ, ‘ಬೆಳೆದ ರೀತಿಯನ್ನು ನಿರ್ಧರಿಸಲಾಗಲಿಲ್ಲ’ ಎಂದು ಕಾರಣಸಹಿತ ಬರೆಯಿರಿ. ಆ ವಾಕ್ಯ ಬರೆಯಲು ನಾಚಬೇಡಿರಿ. ಚಿತ್ರ ಮಸುಕಾಗಿ ಬಂದರೆ ಬರಲಿ.

ಇನ್ನು ಆ ಆಸ್ಪತ್ರೆಯ ಆಡಳಿತ ಮಂಡಳಿಗೆ ಮತ್ತು ಪೆಥಾಲಜಿ ವಿಭಾಗದ ಮುಖ್ಯಸ್ಥರಿಗೆ ನನ್ನ ವಿಧಿವತ್ತಾದ ಬೇಡಿಕೆ. ಲೋಂಡಾದ ಈ ರೋಗಿಯ ಸ್ಲೈಡುಗಳನ್ನು ವಿಭಾಗದ ಹೊರಗಿನ ತಜ್ಞರಿಂದ ಮರುಪರೀಕ್ಷೆ ಮಾಡಿಸಿ, ಕೂಡಲೇ ತಿದ್ದುಪಡಿ ವರದಿ ಹೊರಡಿಸಬೇಕು. ತಿದ್ದಲು ಕಾರಣವೇನೆಂಬುದನ್ನು ಅದರಲ್ಲಿ ಮುಚ್ಚಿಡದೆ ಬರೆಯಬೇಕು. ನನ್ನ ಓದು ತಪ್ಪೆಂದು ಆ ತಜ್ಞರು ಕಂಡರೆ ಅದನ್ನೂ ಬರೆದು ತಿಳಿಸಬೇಕು, ನಾನು ಒಪ್ಪುತ್ತೇನೆ. ಅಂಗಗಳನ್ನು ಕೊಯ್ಯುವ ಮೊದಲು ತೊಳೆಯುವ ಪದ್ಧತಿಯನ್ನು ಲಿಖಿತ ಆದೇಶದಿಂದ ನಿಲ್ಲಿಸಬೇಕು. ಇದುವರೆಗೆ ‘ಗೋಡೆಗುಂಟ ಹಬ್ಬಿದ ಬಗೆ’ ಎಂದು ವರದಿಯಾದ ಎಲ್ಲ ಯಕೃತ್ತುಗಳನ್ನು ಮತ್ತೆ ನೋಡಿಸಿ, ಆ ರೋಗಿಗಳಿಗೆ, ಅವರು ಇಲ್ಲದಿದ್ದರೆ ಅವರ ಮನೆಯವರಿಗೆ, ಫಲಿತಾಂಶ ತಿಳಿಸಬೇಕು. ನನ್ನ ದೂರಿನ ಪರಿಶೀಲನೆ ಯಾರ ಮೇಜಿನ ಮೇಲೆ, ಏತಕ್ಕಾಗಿ ನಿಂತಿದೆ ಎಂಬುದಕ್ಕೆ ಉತ್ತರ ಕೊಡಬೇಕು.

ಉತ್ತರವನ್ನು ನನಗೆ ಕಳಿಸುವ ಅಗತ್ಯವಿಲ್ಲ. ಲೋಂಡಾಕ್ಕೆ ಕಳಿಸಿರಿ. ಸಾಧ್ಯವಾದರೆ ಅಂಚೆಗೆ ಹಾಕದೆ ವಿಭಾಗದವರೇ ಒಬ್ಬರು ರೈಲು ಹತ್ತಿ ಒಯ್ದು ಕೊಡಿರಿ. ಲಕೋಟೆಯ ಮೇಲೆ ಹೆಂಡತಿಯ ಹೆಸರು ಬೇಡ, ವಾರಸುದಾರರು ಎಂಬ ಪದವಂತೂ ಬೇಡವೇ ಬೇಡ. ಈ ಸಾಲು ಬರೆಯುತ್ತಿರುವ ದಿನದವರೆಗೆ ರೋಗಿ ಬದುಕಿದ್ದಾರೆ. ಅವರ ಹೆಸರನ್ನೇ ಬರೆಯಿರಿ.